ಊರ ಕಥೆ ಕೇಳಲು ಮಕ್ಕಳನ್ನು ಯಾವ ಬೀದಿಗೆ ಕಳಿಸುತ್ತೀರಿ?

ಪ್ರತಿಭಾ ಕಾರಂಜಿ ಹತ್ತಿರ ಬಂತೆಂದರೆ ನಂಜನಗೂಡು, ತಿ. ನರಸೀಪುರ ಕಡೆಯ ಶಾಲೆಗಳಲ್ಲಿ ಕಂಸಾಳೆಗೆ ಹುಡುಕಾಟ ಶುರುವಾಗುತ್ತದೆ. ವೇಷ ಮೈಸೂರಿನಿಂದ ಬಾಡಿಗೆಗೆ ಬರುತ್ತದೆ, ಹೆಜ್ಜೆ ಯೂಟ್ಯೂಬಿನಿಂದ, ಹಾಡು ಮೊಬೈಲಿನಿಂದ. ಬಹುಮಾನವೂ ಬರುತ್ತದೆ ಅನ್ನಿ. ಅದೇ ಶಾಲೆಯ ಹಿಂದಿನ ಬೀದಿಯಲ್ಲಿ ಮಲೆ ಮಾದೇಶ್ವರನ (ಮಾದಪ್ಪನ) ಹೆಸರಿನಲ್ಲಿ ದೀಕ್ಷೆ ಪಡೆದು ಕಂಸಾಳೆ ಹಿಡಿದು ಹಾಡುವ ದೇವರಗುಡ್ಡರೊಬ್ಬರು ಇದ್ದರೂ ಅವರನ್ನು ಕರೆಯಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಮಕ್ಕಳು ಕುಣಿಯುತ್ತಾರೆ, ಆದರೆ ಯಾರ ಕಥೆಗೆ ಕುಣಿದೆವೆಂದು ಅವರಿಗೆ ತಿಳಿಯುವುದಿಲ್ಲ.

ಬೇರೆಯವರ ಸಂಸ್ಕೃತಿಯನ್ನು ತಿಳಿಯಬೇಕು ಎಂದಾಗ ನಾವು ಪಂಜಾಬಿನ ಭಾಂಗ್ರಾ, ಅಸ್ಸಾಮಿನ ಬಿಹು ತೋರಿಸಿ ಮುಗಿಸುತ್ತೇವೆ. ಅದೂ ಬೇಕು. ಆದರೆ ಈ ಎರಡು ತಾಲ್ಲೂಕುಗಳಲ್ಲಿ ಮಗುವಿಗೆ ಗೊತ್ತೇ ಇಲ್ಲದ ಲೋಕ ಅಷ್ಟು ದೂರದಲ್ಲಿಲ್ಲ. ಲಿಂಗಾಯತರು, ಒಕ್ಕಲಿಗರು, ದಲಿತರು, ನಾಯಕರು, ಉಪ್ಪಾರರು, ಕುರುಬರು, ಬೆಸ್ತರು, ಆಚಾರಿಗಳು, ಮುಸ್ಲಿಮರು ಒಂದೇ ಹೊಳೆಯ ನೀರು ಕುಡಿದು ಬೇರೆ ಬೇರೆ ಬೀದಿಗಳಲ್ಲಿ ಬದುಕುತ್ತಾರೆ. ಊರೊಳಗಿನ ಮಗು ಕಾಲೋನಿಯ ಮನೆಯ ಹೊಸಿಲು ದಾಟದೆಯೇ ಹತ್ತನೇ ತರಗತಿ ಮುಗಿಸಿಬಿಡಬಹುದು. ಎಲ್ಲ ಬೀದಿಗಳ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುವ ಜಾಗ ಸರ್ಕಾರಿ ಶಾಲೆ. ಹಾಗಾಗಿ ಕಲೆಯನ್ನೂ ಹಿರಿಯರ ನೆನಪನ್ನೂ ಪಾಠಕ್ಕೆ ತರುವುದಾದರೆ ನನ್ನ ಮೊದಲ ಷರತ್ತು ಒಂದೇ: ಮಗು ತನ್ನದಲ್ಲದ ಬೀದಿಗೆ ಹೋಗಿ, ಅಲ್ಲಿನ ಹಿರಿಯರ ಎದುರು ಕೂತು ಕೇಳಬೇಕು. ವೇದಿಕೆ ಆಮೇಲೆ.

ಶಾಲಾ ಮಕ್ಕಳು ಹೀಗೆ ಕೇಳಿ ಬರೆದಿಟ್ಟದ್ದಕ್ಕೆ ದೊಡ್ಡ ಉದಾಹರಣೆ ಐರ್ಲೆಂಡಿನಲ್ಲಿದೆ. 1937ರಿಂದ 39ರವರೆಗೆ ಅಲ್ಲಿನ ಸುಮಾರು 5,000 ಪ್ರಾಥಮಿಕ ಶಾಲೆಗಳ ಮಕ್ಕಳು ಅಜ್ಜ ಅಜ್ಜಿಯರಿಂದ, ನೆರೆಹೊರೆಯವರಿಂದ ಕಥೆ, ಮದ್ದು, ಆಟ, ಹಬ್ಬಗಳನ್ನು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದರು. ಆ ಪುಟಗಳನ್ನು ಸಂಶೋಧಕರು ಇಂದಿಗೂ ಓದುತ್ತಿದ್ದಾರೆ. ನಮ್ಮ ಕಡೆಯೂ ಇಂಥದ್ದಕ್ಕೆ ನೆಲ ಹದವಾಗಿದೆ. ಹಾಡು, ಕಥೆ, ಆಟದ ಮೂಲಕ ಕಲಿಸುವ ನಲಿ-ಕಲಿ 1995ರಲ್ಲಿ ಮೊಳೆತದ್ದು ಇದೇ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ. ಅದನ್ನು ಮೂರನೇ ತರಗತಿಯಿಂದಾಚೆಗೆ ಬೆಳೆಸುವ ಮನಸ್ಸು ಮಾಡಬೇಕು.

ಮೊದಲ ಸಲ ಹೊಳೆಯನ್ನೇ ಹಿಡಿಯಿರಿ

ಮೊದಲ ಪ್ರಯತ್ನದಲ್ಲೇ ಜಾತಿ, ದೇವರು, ಜಗಳ ಎಂದು ಹೊರಟರೆ ಹಿರಿಯರು ಬಾಯಿ ಬಿಡುವುದಿಲ್ಲ, ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ತಕರಾರು ಹೊತ್ತು ಶಾಲೆಗೆ ಬರುತ್ತಾರೆ. ಎಲ್ಲ ಬೀದಿಯವರಿಗೂ ಹೇಳಲು ಏನಾದರೂ ಇರುವ ವಿಷಯ ಬೇಕು. ನಂಜನಗೂಡಿಗೆ ಕಪಿಲೆ ಇದೆ, ತಿ. ನರಸೀಪುರಕ್ಕೆ ಕಪಿಲೆಯೂ ಕಾವೇರಿಯೂ ಇವೆ. 2018 ಮತ್ತು 2019ರ ಮಳೆಗಾಲದಲ್ಲಿ ಕಪಿಲೆ ಉಕ್ಕಿ, ಮಲ್ಲನಮೂಲೆ ಬಳಿ ಮೈಸೂರು ರಸ್ತೆಯೇ ಮುಳುಗಿದ್ದನ್ನು ಈಗಿನ ಹೈಸ್ಕೂಲು ಮಕ್ಕಳ ಅಪ್ಪ ಅಮ್ಮಂದಿರು ಕಣ್ಣಾರೆ ಕಂಡಿದ್ದಾರೆ. ತಾತಂದಿರು ಅದಕ್ಕೂ ಹಿಂದಿನ ನೆರೆಗಳನ್ನು ಹೇಳುತ್ತಾರೆ.

ನೆರೆಯ ಕಥೆಯೊಳಗೆ ಎಲ್ಲವೂ ತಾನಾಗಿಯೇ ಬರುತ್ತದೆ. ಯಾರ ಮನೆ ತಗ್ಗಿನಲ್ಲಿತ್ತು? ಯಾಕೆ ತಗ್ಗಿನಲ್ಲಿತ್ತು? ದನ ಕಟ್ಟಲು ಯಾರು ಜಾಗ ಕೊಟ್ಟರು, ಯಾರು ಕೊಡಲಿಲ್ಲ? ತೆಪ್ಪ ಹಾಕಿ ದಾಟಿಸಿದ ಬೆಸ್ತರ ಮನೆಯವರು ಈಗ ಏನು ಮಾಡುತ್ತಿದ್ದಾರೆ? ಇಂಥ ಪ್ರಶ್ನೆ ಕೇಳಿದ ಮಗು ಸಮಾಜ ವಿಜ್ಞಾನದ ಪುಸ್ತಕದಲ್ಲಿ ಸಿಗದ ಪಾಠವನ್ನು ಅರ್ಧ ಗಂಟೆಯಲ್ಲಿ ಕಲಿಯುತ್ತದೆ.

ಹೊಳೆ ಬೇಡವೆಂದರೆ ಬೇರೆ ವಿಷಯಗಳಿಗೆ ಕೊರತೆಯಿಲ್ಲ. ನಂಜನಗೂಡಿನ ರಸಬಾಳೆ ಬೆಳೆದವರು, ಸೊರಗು ರೋಗ ಬಂದು ಬಿಟ್ಟವರು. ಮೀಟರ್ ಗೇಜ್ ರೈಲಿನಲ್ಲಿ ಮೈಸೂರಿನ ಮಾರುಕಟ್ಟೆಗೆ ತರಕಾರಿ ಹೊತ್ತವರು. ದೊಡ್ಡಜಾತ್ರೆಯಲ್ಲಿ ತೇರಿನ ಹಗ್ಗ ಎಳೆದವರು, ತೇರಿಗೆ ಗೊದಮ ಕೊಟ್ಟವರು. ಬನ್ನೂರಿನ ಕುರಿ ಕಾಯ್ದವರು. 1989ರಲ್ಲಿ ತಿರುಮಕೂಡಲಿನ ಸಂಗಮದಲ್ಲಿ ಮೊದಲ ಕುಂಭಮೇಳ ನಡೆದಾಗ ಅಲ್ಲಿದ್ದವರು. ತಾಂಡವಪುರ, ಕಡಕೊಳ ಕಡೆಯ ಶಾಲೆಗಳಾದರೆ ಕಾರ್ಖಾನೆ ಬರುವ ಮೊದಲು ಆ ಹೊಲಗಳಲ್ಲಿ ಏನಿತ್ತು ಎಂಬುದೇ ಸಾಕಷ್ಟಾಯಿತು.

ಕೇಳುವುದಕ್ಕೂ ಒಂದು ರೀತಿ ಇದೆ

ಮಕ್ಕಳನ್ನು ಜೋಡಿ ಮಾಡಿ ಕಳಿಸಿ. ಜೋಡಿಯಲ್ಲಿ ಒಬ್ಬರು ಆ ಬೀದಿಯವರಾಗಿರಲಿ, ಇನ್ನೊಬ್ಬರು ಬೇರೆ ಬೀದಿಯವರು. ಮುಂದಿನ ವಾರ ಅದೇ ಜೋಡಿ ಎರಡನೆಯವರ ಬೀದಿಗೆ ಹೋಗಲಿ. ಮೊದಲನೇ ಭೇಟಿಗೆ ಶಿಕ್ಷಕರು ಜೊತೆಗಿರಬೇಕು, ತಂದೆತಾಯಿಗೆ ಮೊದಲೇ ತಿಳಿಸಿರಬೇಕು. ಒಂಟಿ ಮಗುವನ್ನು ಯಾರ ಮನೆಗೂ ಕಳಿಸಬಾರದು.

ಹೊರಡುವ ಮುನ್ನ ತರಗತಿಯಲ್ಲಿ ಒಂದು ಮಾತು ಗಟ್ಟಿ ಮಾಡಿಕೊಳ್ಳಿ. ನಮ್ಮ ಕಡೆ ಮೇಲಿನ ಬೀದಿಯ ಹತ್ತು ವರ್ಷದ ಹುಡುಗ ಎಪ್ಪತ್ತು ವರ್ಷದ ದಲಿತ ಹಿರಿಯರನ್ನು ಹೆಸರು ಹಿಡಿದು 'ಬಾ, ಹೋಗು' ಅನ್ನುವುದು ಇನ್ನೂ ಪೂರ್ತಿ ಹೋಗಿಲ್ಲ. ಆ ಹಿರಿಯರು ಹುಡುಗನಿಗೆ 'ಬುದ್ಧಿ' ಅನ್ನುವುದೂ ಹೋಗಿಲ್ಲ. ಆದ್ದರಿಂದ ಯಾರ ಮನೆಯಾದರೂ ತಾತ, ಅವ್ವ, ಅಜ್ಜಿ, ದೊಡ್ಡಪ್ಪ ಎಂದೇ ಕರೆಯಬೇಕು, 'ನೀವು' ಎಂದೇ ಮಾತಾಡಬೇಕು. ಕೊಟ್ಟ ನೀರು ಕುಡಿಯಬೇಕು. ಇದನ್ನು ಭಾಷಣವಾಗಿ ಹೇಳುವ ಬದಲು ಶಿಕ್ಷಕರು ಮೊದಲ ದಿನ ತಾವೇ ಆ ಜಗುಲಿಯ ಮೇಲೆ ಕೂತು ನೀರು ಕುಡಿದು ತೋರಿಸಿದರೆ ಸಾಕು. ಇಡೀ ಯೋಜನೆಯಲ್ಲಿ ಇದೊಂದೇ ಆದರೂ ಪಟ್ಟ ಶ್ರಮ ಸಾರ್ಥಕ.

ಪ್ರಶ್ನೆಗಳ ಪಟ್ಟಿ ಉದ್ದವಿರಬೇಕಿಲ್ಲ. "ನಿಮ್ಮ ಸಂಸ್ಕೃತಿ ಏನು?" ಎಂದು ಕೇಳಿದರೆ ಯಾರಿಗೂ ಉತ್ತರ ಹೊಳೆಯುವುದಿಲ್ಲ. "ನೀವು ಚಿಕ್ಕವರಿದ್ದಾಗ ಕುಡಿಯೋ ನೀರು ಎಲ್ಲಿಂದ ತರ್ತಿದ್ರಿ ತಾತ?" ಎಂದು ಕೇಳಿ ನೋಡಿ. ಬಾವಿ, ಕಟ್ಟೆ, ಸರತಿ, ಬೈಗುಳ, ಹೊಡೆದಾಟ ಎಲ್ಲ ಒಂದರ ಹಿಂದೊಂದು ಬರುತ್ತವೆ. "ಯಾವ ಕೆಲಸ ಮಾಡುವಾಗ ಹಾಡ್ತಿದ್ರಿ ಅವ್ವ?", "ಹಬ್ಬದ ದಿನ ಯಾರ ಮನೆಯಿಂದ ಏನು ಬರ್ತಿತ್ತು?", "ಸ್ಕೂಲು ಯಾಕೆ ಬಿಟ್ರಿ?" ಇಂಥವು ಆರೇಳು ಇದ್ದರೆ ಒಂದು ಸಂಜೆಗೆ ಹೆಚ್ಚೇ. ಹೌದು, ಇಲ್ಲ ಎಂದು ಮುಗಿಯುವ ಪ್ರಶ್ನೆ ಬೇಡ. ಹಿರಿಯರು ಸುಮ್ಮನಾದಾಗ ಮಕ್ಕಳೂ ಸ್ವಲ್ಪ ಹೊತ್ತು ಸುಮ್ಮನಿರುವುದನ್ನು ಅಭ್ಯಾಸ ಮಾಡಿಸಿ. ಇದು ಮಕ್ಕಳಿಗಿಂತ ಶಿಕ್ಷಕರಿಗೆ ಕಷ್ಟ.

ಮೊಬೈಲಿನಲ್ಲಿ ಧ್ವನಿ ಹಿಡಿಯುವ ಮುಂಚೆ ಒಪ್ಪಿಗೆ ಕೇಳಬೇಕು, ಅದನ್ನೂ ರೆಕಾರ್ಡಿನಲ್ಲೇ ಕೇಳಬೇಕು: ಇದನ್ನು ತರಗತಿಗೆ ಕೇಳಿಸಬಹುದೆ, ಊರಿಗೆ ಕೇಳಿಸಬಹುದೆ, ಹೆಸರು ಹಾಕಬಹುದೆ? ಬೇಡ ಅಂದರೆ ಬೇಡ. ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಯಾವ ಕಾರಣಕ್ಕೂ ಹಾಕಕೂಡದು. ಮಿಕ್ಸಿ, ಟಿ.ವಿ. ಸದ್ದಿಲ್ಲದ ಕಡೆ ಕೂರಿಸಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿದರೆ ತಾಂತ್ರಿಕ ತಯಾರಿ ಮುಗಿಯಿತು.

ಬರೆದುಕೊಳ್ಳುವಾಗ ಹೇಳಿದ ಹಾಗೆಯೇ ಬರೆಯಲಿ. ಶಿಷ್ಟ ಕನ್ನಡಕ್ಕೆ ತಿದ್ದುವ ಚಪಲ ಕನ್ನಡ ಮೇಷ್ಟ್ರುಗಳಿಗೆ ಬಲು ಬೇಗ ಬರುತ್ತದೆ. ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಿ ಹುಟ್ಟಿದ ಮಹಾದೇವರು ಈ ಸೀಮೆಯ ಆಡುಮಾತಿನಲ್ಲೇ 'ಕುಸುಮಬಾಲೆ' ಬರೆದು ಕೇಂದ್ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಪಡೆದರು. ತಮ್ಮ ಅವ್ವನ ಮಾತು ಅಚ್ಚಾಗಬಲ್ಲದು ಎಂದು ಮಕ್ಕಳಿಗೆ ನಂಬಿಸಲು ಅದೊಂದು ಪುಸ್ತಕ ಮೇಜಿನ ಮೇಲಿದ್ದರೆ ಸಾಕು.

ಹಾಡುವವರು ಬಂದಾಗ

ಈಗ ಕಲೆಯ ಮಾತು. ಮಲೆ ಮಾದೇಶ್ವರನನ್ನು ಕಂಸಾಳೆ ಹಿಡಿದ ದೇವರಗುಡ್ಡರು ಹಾಡುತ್ತಾರೆ. ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯರನ್ನು ತಂಬೂರಿ ಹಿಡಿದ ನೀಲಗಾರರು ಹಾಡುತ್ತಾರೆ. ರಾತ್ರಿಯಿಡೀ ಹಾಡಿದರೂ ಮುಗಿಯದಷ್ಟು ಸಾಲುಗಳು. ಇವುಗಳಲ್ಲಿ ಎಲ್ಲ ಕುಲದವರೂ ಬರುತ್ತಾರೆ. ಮಾದಪ್ಪನ ಕಥೆಯಲ್ಲಿ ಕಾಡಿನ ಬೇಟೆಗಾರರ ಮನೆಯ ಸಂಕಮ್ಮ ಇದ್ದಾಳೆ, ಗುಡಿ ಕಟ್ಟಿಸಿದ ಆಲಂಬಾಡಿ ಜುಂಜೇಗೌಡ ಇದ್ದಾನೆ. ಒಂದು ಮಹಾಕಾವ್ಯವನ್ನು ತರಗತಿಗೆ ತಂದರೆ ಇಡೀ ಸೀಮೆಯ ಜನಜೀವನವೇ ಒಳಗೆ ಬಂದಂತೆ.

ಕಲಾವಿದರನ್ನು ಗುರುವಾಗಿ ಕರೆಯಿರಿ. ಹಾರ ಹಾಕಿ, ಐದು ನಿಮಿಷ ಹಾಡಿಸಿ, ಫೋಟೊ ತೆಗೆದು ಕಳಿಸುವುದಾದರೆ ಕರೆಯದಿರುವುದೇ ಮೇಲು. ಕನಿಷ್ಠ ನಾಲ್ಕು ಸಂಜೆ ಬೇಕು: ಮೊದಲನೆಯದು ಕಥೆಗೆ, ಎರಡನೆಯದು ವಾದ್ಯಕ್ಕೆ, ಮೂರನೆಯದು ಮಕ್ಕಳು ಸೊಲ್ಲು ಹಿಡಿದು ಹಿಮ್ಮೇಳ ಹಾಡಲು, ನಾಲ್ಕನೆಯದು ಅವರ ಬದುಕಿಗೆ. ದೀಕ್ಷೆ ಹೇಗಾಯಿತು, ಭಿಕ್ಷಕ್ಕೆ ಯಾವ ಯಾವ ಊರಿಗೆ ಹೋಗುತ್ತಿದ್ದರು, ಮಗ ಯಾಕೆ ಕಲಿಯಲಿಲ್ಲ. ಯಾವ ಸಾಲನ್ನು ಶಾಲೆಯಲ್ಲಿ ಹಾಡಬಹುದು, ಯಾವುದನ್ನು ಹಾಡಬಾರದು ಎಂಬುದನ್ನು ಅವರೇ ತೀರ್ಮಾನಿಸಲಿ. ಶಾಲು, ತೆಂಗಿನಕಾಯಿ ಕೊಡಿ, ಬೇಡವೆನ್ನುವುದಿಲ್ಲ. ಅದರ ಜೊತೆಗೆ ಬಸ್ ಚಾರ್ಜು ಮತ್ತು ಒಂದು ದಿನದ ಕೂಲಿಗೆ ಕಡಿಮೆಯಿಲ್ಲದ ಸಂಭಾವನೆ ಲಕೋಟೆಯಲ್ಲಿರಲಿ.

ಎರಡು ಕಡೆ ಕಾಲು ಜಾರುವ ಸಂಭವವಿದೆ. ಒಂದು ತಮಟೆಯದು. "ನಿಮ್ಮ ಮನೆಯವರು ಬಾರಿಸ್ತಾರಲ್ಲ, ನೀನೇ ಬಾರಿಸು" ಎಂದು ದಲಿತ ಹುಡುಗನ ಕೈಗೆ ತಮಟೆ ಕೊಟ್ಟರೆ ಅದು ಕಲಾ ಶಿಕ್ಷಣವಲ್ಲ, ಹಳೆಯ ಬಿಟ್ಟಿ ಚಾಕರಿಯನ್ನು ಶಾಲೆಯೊಳಕ್ಕೆ ತಂದಂತೆ. ಸಾವಿಗೂ ಸಾರುವುದಕ್ಕೂ ಬಾರಿಸುವ ಕಟ್ಟುಪಾಡಿನಿಂದ ಬಿಡಿಸಿಕೊಳ್ಳಲು ಒಂದು ತಲೆಮಾರು ಹೋರಾಡಿದೆ. ತಮಟೆ ಕಲಿಸುವುದಾದರೆ ಎಲ್ಲರ ಕೈಗೂ ಬರಬೇಕು, ಗೌಡರ ಮಗನಿಗೂ ಮೇಷ್ಟ್ರ ಮಗಳಿಗೂ, ಇಲ್ಲವಾದರೆ ಬೇಡ.

ಇನ್ನೊಂದು ಕಥೆಯೊಳಗಿನ ಖಳನದು. ಸಿದ್ದಪ್ಪಾಜಿಯ ಸಾಲಿನಲ್ಲಿ ಅವನು ಕಬ್ಬಿಣದ ಭಿಕ್ಷಕ್ಕೆಂದು ಹಲಗೂರಿಗೆ ಹೋಗುತ್ತಾನೆ. ಅಲ್ಲಿನ ಪಾಂಚಾಳರು ಕೊಡುವುದಿಲ್ಲ, ಬಗೆಬಗೆಯಾಗಿ ಕಾಡುತ್ತಾರೆ. ತರಗತಿಯಲ್ಲಿ ಆಚಾರಿಗಳ ಮನೆಯ ಮಗು ಕೂತಿರುತ್ತದೆ. ಉಳಿದವರೆಲ್ಲ ಅದರ ಕಡೆ ತಿರುಗಿ ನೋಡುತ್ತಾರೆ. ಮೇಷ್ಟ್ರು ಕಥೆಯನ್ನು ಮೆತ್ತಗೆ ಮಾಡಬೇಕಿಲ್ಲ. ಸಿದ್ದಪ್ಪಾಜಿಯಾದ ಕೆಂಪಾಚಾರಿ ತಾನೇ ಆಚಾರಿಗಳ ಮನೆಯಲ್ಲಿ ಹುಟ್ಟಿದವನು ಎಂಬುದನ್ನು ಮಕ್ಕಳು ಮರೆಯದಂತೆ ನೋಡಿಕೊಳ್ಳಬೇಕು. ಮಾರನೇ ವಾರ ಅದೇ ತಂಡವನ್ನು ಕುಲುಮೆಗೆ ಕಳಿಸಬೇಕು: ಕುಡುಗೋಲು, ನೇಗಿಲ ಗುಳ ಮಾಡಿಕೊಟ್ಟದ್ದಕ್ಕೆ ಸುಗ್ಗಿಯಲ್ಲಿ ಎಷ್ಟು ರಾಗಿ ಸಿಗುತ್ತಿತ್ತು, ಯಾರು ಕೊಡದೆ ಸತಾಯಿಸುತ್ತಿದ್ದರು, ಟ್ರ್ಯಾಕ್ಟರ್ ಬಂದ ಮೇಲೆ ಕುಲುಮೆಯ ಗತಿ ಏನಾಯಿತು? ಎರಡೂ ಕೇಳಿಸಿಕೊಂಡ ಮೇಲೆ ಮಕ್ಕಳೇ ಹಲಗೂರಿನ ಸಭೆಯನ್ನು ಪುಟ್ಟ ನಾಟಕ ಮಾಡಲಿ. ಆಚಾರಿಗಳ ಪಾತ್ರಕ್ಕೆ ಮಾತು ಬರೆಯುವವರು ಬೇರೆ ಬೀದಿಯವರಾಗಿರಲಿ.

ಒಂದು ಕಥೆಗೆ ಎರಡು ಬಾಯಿ

ನಂಜನಗೂಡಿನ ಶ್ರೀಕಂಠೇಶ್ವರನಿಗೆ ಟಿಪ್ಪು 'ಹಕೀಂ ನಂಜುಂಡ' ಎಂದು ಹೆಸರಿಟ್ಟ ಕಥೆ ಎಲ್ಲರಿಗೂ ಗೊತ್ತು. ಪಟ್ಟದ ಆನೆಗೆ ಕಣ್ಣಿನ ಬೇನೆ ಬಂತು, ನಂಜುಂಡನಿಗೆ ಹರಕೆ ಹೊತ್ತ ಮೇಲೆ ವಾಸಿಯಾಯಿತು, ಪಚ್ಚೆಯ ಲಿಂಗ ಅರ್ಪಿಸಿದ ಎನ್ನುತ್ತಾರೆ. ಇದನ್ನು ಗುಡಿಯ ಹತ್ತಿರದ ಅಂಗಡಿಯವರಿಂದ ಒಮ್ಮೆ, ಪೇಟೆಯ ಮುಸ್ಲಿಂ ಹಿರಿಯರಿಂದ ಒಮ್ಮೆ ಕೇಳಿಸಿ. ಇಬ್ಬರೂ ಹೇಳುವುದು ಒಂದೇ ಆನೆಯ ಕಥೆ. ಯಾರನ್ನು ದೊಡ್ಡವರನ್ನಾಗಿ ಮಾಡುತ್ತಾರೆ, ಯಾವ ಭಾಗವನ್ನು ಬಿಡುತ್ತಾರೆ ಎಂದು ಮಕ್ಕಳು ಗಮನಿಸಲಿ. ಪುರಾಣದಲ್ಲಿ ವಿಷ ಕುಡಿದ ಅದೇ ದೇವರು ಜನಪದ ಹಾಡಿನಲ್ಲಿ ಮಡದಿ ದೇವೀರಿಗೂ ಬೆಟ್ಟದ ಚಾಮುಂಡಿಗೂ ನಡುವೆ ಸಿಕ್ಕಿಕೊಂಡ ಗಂಡು! ಅಜ್ಜಿಯರು ಇದನ್ನು ಹೇಳುವಾಗ ಮಕ್ಕಳು ನಕ್ಕು ನಕ್ಕು ಸುಸ್ತಾದರೆ ತಡೆಯಬೇಡಿ.

ತಿ. ನರಸೀಪುರದ ಕಡೆಯವರಿಗೆ ತಲಕಾಡು ಇದೆ. ಅಲಮೇಲಮ್ಮನ ಶಾಪ ಒಂದು ಬಾಯಿ. ಗಂಗರ ರಾಜಧಾನಿಯಾಗಿದ್ದ ಊರನ್ನು ಗಾಳಿ, ಹೊಳೆ, ಮಾಧವಮಂತ್ರಿ ಅಣೆಕಟ್ಟೆಯ ಪರಿಣಾಮ ಸೇರಿ ಮರಳಾಗಿಸಿದವು ಎನ್ನುವ ವಿವರಣೆ ಇನ್ನೊಂದು. ಯಾವುದು ನಿಜ ಎಂದು ಕೈಯೆತ್ತಿಸಿ ಮತ ಹಾಕಿಸಬೇಡಿ. ಗಂಡನನ್ನೂ ಊರನ್ನೂ ಕಳೆದುಕೊಂಡ ಹೆಂಗಸಿನ ಕಥೆಯನ್ನು ಜನ ಮುನ್ನೂರು ನಾನೂರು ವರ್ಷ ಯಾಕೆ ಹೇಳುತ್ತ ಬಂದರು ಎಂದು ಕೇಳಿ. ಆ ಶಾಪದಲ್ಲಿ ಹೆಸರು ಬರುವ ಮಾಲಂಗಿಯ ಮಕ್ಕಳು ಕೊಡುವ ಉತ್ತರ ಮೈಸೂರಿನ ಮಕ್ಕಳದ್ದಕ್ಕಿಂತ ಬೇರೆ ಇದ್ದೀತು.

ಎಲ್ಲ ಭೇದವೂ ಇಷ್ಟು ಸಲೀಸಾಗಿ ನಗುವಿನಲ್ಲಿ ಮುಗಿಯುವುದಿಲ್ಲ. 2023ರ ಡಿಸೆಂಬರಿನಲ್ಲಿ ನಂಜನಗೂಡಿನ ಅಂಧಕಾಸುರ ಸಂಹಾರದ ಆಚರಣೆಯೇ ಜಟಾಪಟಿಗೆ ಕಾರಣವಾಯಿತು. ಒಬ್ಬರಿಗೆ ಪರಂಪರೆ, ಇನ್ನೊಬ್ಬರಿಗೆ ತಮ್ಮ ಹಿರೀಕನಿಗೆ ಮಾಡುವ ಅವಮಾನ. ಹೈಸ್ಕೂಲು ಮಕ್ಕಳ ಕಿವಿಗೆ ಇದು ಬಿದ್ದೇ ಇರುತ್ತದೆ. ಬಿಸಿಯಿರುವಾಗ ಇದನ್ನು ಯೋಜನೆಗೆ ಎತ್ತಿಕೊಳ್ಳಬೇಡಿ. ಮಕ್ಕಳೇ ಕೇಳಿದರೆ ಬಾಯಿ ಮುಚ್ಚಿಸಲೂ ಬೇಡಿ. ಎರಡೂ ಕಡೆಯವರ ಮಾತನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು, ಅವರವರ ಮಾತಿಗೆ ಅವರವರ ಕಾರಣ ಕೇಳುವುದು ಸಾಕು.

ಬದನವಾಳಿನಂಥ ನೆನಪು

ನಂಜನಗೂಡು ತಾಲ್ಲೂಕಿನ ಬದನವಾಳಿಗೆ 1927ರಲ್ಲಿ ಗಾಂಧೀಜಿ ಬಂದಿದ್ದರು; ಅಲ್ಲಿ ಹೆಂಗಸರು ನೂಲು ತೆಗೆಯುವ ಖಾದಿ ಕೇಂದ್ರವಿತ್ತು. ಅದೇ ಊರಿನಲ್ಲಿ 1993ರಲ್ಲಿ ದೇವಸ್ಥಾನ ಪ್ರವೇಶದ ವಿಚಾರ ಬೆಳೆದು ಮೂವರು ದಲಿತರ ಕೊಲೆಯಾಯಿತು. ಆ ಬಳಿಕ ಎರಡು ಸಮುದಾಯಗಳ ಬೀದಿಗಳನ್ನು ಕೂಡಿಸುವ ದಾರಿ ಬಹಳ ವರ್ಷ ಬಳಕೆಯಿಲ್ಲದೆ ಬಿದ್ದಿತ್ತು. 2022ರ ಅಕ್ಟೋಬರಿನಲ್ಲಿ ಮತ್ತೆ ತೆರೆಯಿತು, ಎರಡೂ ಕಡೆಯವರು ಒಟ್ಟಿಗೆ ಕೂತು ಉಂಡರು.

ಇಂಥ ನೆನಪುಗಳನ್ನು ಮಕ್ಕಳಿಂದ ಕೇಳಿಸುವುದೆ? ಎಂಟನೇ ತರಗತಿಗಿಂತ ಕೆಳಗೆ ಬೇಡ ಎಂಬುದು ನನ್ನ ಅಭಿಪ್ರಾಯ. ಮೇಲಿನವರಿಗಾದರೂ ನೂಲಿನಿಂದ ಶುರು ಮಾಡಬೇಕು: ರಾಟೆ, ಕೂಲಿ, ಜೊತೆಗೆ ಕೂತು ನೂಲುವಾಗ ಆಡಿದ ಮಾತು. ಹಿರಿಯರು ತಾವಾಗಿಯೇ ಮುಂದಕ್ಕೆ ಹೋದರೆ ಕೇಳಲಿ, ಮಕ್ಕಳು ಕೆದಕಬಾರದು. ನೊಂದ ಮನೆಯವರನ್ನು 'ಸಾಕ್ಷಿ'ಗಳಾಗಿ ಬಳಸಬಾರದು. ಅವರ ಮನೆಗೆ ಮೊದಲು ಶಿಕ್ಷಕರೇ ಹೋಗಿ, ಬೇಡವೆಂದರೆ ಅಲ್ಲಿಗೇ ನಿಲ್ಲಿಸಬೇಕು. ಇಂಥ ಸಂಗತಿಯನ್ನು ವಾರ್ಷಿಕೋತ್ಸವದಲ್ಲಿ ನಾಟಕ ಮಾಡುವುದಂತೂ ಕೂಡದು.

ದೂರದಿಂದ ಬಂದ ಮಕ್ಕಳು

ಕೈಗಾರಿಕಾ ಪ್ರದೇಶದ ಶಾಲೆಗಳಲ್ಲಿ ಬಿಹಾರ, ಒಡಿಶಾದಿಂದ ಬಂದ ಕೆಲಸಗಾರರ ಮಕ್ಕಳಿರುತ್ತಾರೆ. ಕನ್ನಡ ಬಾರದೆ ಹಿಂದಿನ ಬೆಂಚಿನಲ್ಲಿ ಮುದುರಿ ಕೂತಿರುತ್ತಾರೆ. ಇವರಿಗೆ ಜೋಗುಳ ಒಳ್ಳೆಯ ಬಾಗಿಲು. ಪ್ರತಿ ಮಗು ಮನೆಯ ಜೋಗುಳವನ್ನು ಅಮ್ಮನ ದನಿಯಲ್ಲಿ ಹಿಡಿದು ತರಲಿ: ಕನ್ನಡ, ಉರ್ದು, ತಮಿಳು, ತೆಲುಗು, ಹಿಂದಿ, ಒಡಿಯಾ. ಅರ್ಥ ತಿಳಿಯುವ ಮೊದಲೇ ಯಾವುದು ಜೋಗುಳ ಎಂದು ಮಕ್ಕಳು ಲಯದಿಂದ ಗುರುತಿಸುತ್ತಾರೆ. ಆಮೇಲೆ ಒಬ್ಬರದನ್ನು ಇನ್ನೊಬ್ಬರು ಕಲಿತು ಹಾಡಬೇಕು. ಅಂದು ತರಗತಿಗೆ ಮೇಷ್ಟ್ರು ಆ ಹಿಂದಿನ ಬೆಂಚಿನ ಹುಡುಗಿಯೇ. ಸುತ್ತೂರಿನ ವಸತಿ ಶಾಲೆಯಂಥ ಕಡೆ ಈಶಾನ್ಯ ರಾಜ್ಯಗಳ ಮಕ್ಕಳೂ ಓದುವುದರಿಂದ ಇದನ್ನು ಇನ್ನೂ ದೊಡ್ಡದಾಗಿ ಮಾಡಬಹುದು.

ಹೆಸರು, ಪ್ರತಿ, ಕಾಲ

ಕೇಳಿದ್ದನ್ನು ಏನು ಮಾಡುವುದು? ಐದನೇ ತರಗತಿಯವರು ಚಿತ್ರ ಬರೆಯಲಿ, ಬೀದಿಗಳ ನಕ್ಷೆ ಮಾಡಲಿ. ಏಳನೆಯವರು ಗೋಡೆಪತ್ರಿಕೆ ತರಲಿ. ಒಂಬತ್ತನೆಯವರು ಸಣ್ಣ ಪುಸ್ತಕ ಹೊಲಿಯಲಿ. ಪ್ರತಿಯೊಂದರ ಕೆಳಗೂ ಒಪ್ಪಿಗೆಯಿದ್ದರೆ ಹೇಳಿದವರ ಹೆಸರು, ಕೇಳಿ ಬರೆದವರ ಹೆಸರು, ಊರು, ದಿನಾಂಕ ಇರಲೇಬೇಕು. ಇದೇ ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ ಹದಿಮೂರನೇ ಶತಮಾನದ ಗುಡಿಯ ವಿಗ್ರಹಗಳ ಕೆಳಗೆ ಮಲ್ಲಿತಮ್ಮ ಮೊದಲಾದ ಶಿಲ್ಪಿಗಳು ತಮ್ಮ ಹೆಸರು ಕೊರೆದಿಟ್ಟಿದ್ದಾರೆ. ಪ್ರವಾಸ ಹೋದಾಗ ಆ ಹೆಸರುಗಳನ್ನು ಹುಡುಕಿಸಿ; ಕೆಲಸ ಮಾಡಿದವರ ಹೆಸರು ಯಾಕೆ ಉಳಿಯಬೇಕೆಂದು ಬೇರೆ ವಿವರಿಸಬೇಕಾಗುವುದಿಲ್ಲ. ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿ ಏಳು ತಂತಿಯ ಪಿಟೀಲಿನಿಂದ ಹೆಸರಾದ ಚೌಡಯ್ಯನವರನ್ನೂ, ನಂಜನಗೂಡಿನಲ್ಲಿ ಹುಟ್ಟಿ 1913ರಲ್ಲೇ 'ಸತೀಹಿತೈಷಿಣಿ' ಪ್ರಕಟಣಾಲಯ ನಡೆಸಿದ ತಿರುಮಲಾಂಬ ಅವರನ್ನೂ ಊರಿನ ತಂಬೂರಿ ತಾತನ ಪಕ್ಕದಲ್ಲೇ ಗೋಡೆಗೆ ಹಚ್ಚಿ.

ರೆಕಾರ್ಡಿನ ಒಂದು ಪ್ರತಿ ಶಾಲೆಯ ಪೆನ್‌ಡ್ರೈವಿನಲ್ಲಿ, ಇನ್ನೊಂದು ಹೇಳಿದವರ ಮನೆಯ ಮೊಬೈಲಿನಲ್ಲಿ. ಫೈಲಿಗೆ ಊರು, ವಿಷಯ, ದಿನಾಂಕ ಸೇರಿಸಿ ಹೆಸರಿಡಿ. ಇಲ್ಲದಿದ್ದರೆ ಮುಂದಿನ ವರ್ಷ ಯಾವುದು ಯಾವುದೆಂದು ಯಾರಿಗೂ ತಿಳಿಯುವುದಿಲ್ಲ. ಊರಿಗೆ ಕೇಳಿಸುವ ಸಂಜೆಯನ್ನು ಶಾಲೆಯ ಅಂಗಳದಲ್ಲೇ ಇಡಿ. ದೇವಸ್ಥಾನದ ಕಟ್ಟೆಯಾದರೆ ಕೆಲವರು ಬರುವುದಿಲ್ಲ, ಸಮುದಾಯ ಭವನವಾದರೆ ಇನ್ನು ಕೆಲವರು. ಎಲ್ಲರಿಗೂ ಜಮಖಾನ ಒಂದೇ, ಕಾಫಿ ಲೋಟ ಒಂದೇ ಬಗೆಯದು.

ನೆರವು ಬೇಕಾದವರಿಗೆ ಮೈಸೂರಿನ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಇದೆ; ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹಾಲಯ ಇದೆ; ಚಿನ್ನರ ಮೇಳ ನಡೆಸುವ ರಂಗಾಯಣ ಇದೆ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 'ಕಲಿ-ಕಲಿಸು' ಹೆಸರಿನಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರಿಗೂ ಕಲಾವಿದರಿಗೂ ಅನುದಾನ ಕೊಡುತ್ತ ಬಂದಿದೆ. ಸಮಯಕ್ಕೆ ಬ್ಯಾಗಿಲ್ಲದ ಸಂಭ್ರಮ ಶನಿವಾರ ಹೇಳಿ ಮಾಡಿಸಿದ್ದು.

ಕಾಲ ಮಾತ್ರ ನೋಡಿಕೊಳ್ಳಿ. ನಾಲೆಗೆ ನೀರು ಬಿಟ್ಟು ನಾಟಿ ಶುರುವಾದರೆ ತಿ. ನರಸೀಪುರದ ಕಡೆ ಯಾರಿಗೂ ಪುರುಸೊತ್ತಿಲ್ಲ. ದೀಪಾವಳಿಗೆ ದೇವರಗುಡ್ಡರು ಬೆಟ್ಟಕ್ಕೆ ಹೋಗುತ್ತಾರೆ, ಜನವರಿಯ ಹೊತ್ತಿಗೆ ನೀಲಗಾರರು ಚಿಕ್ಕಲ್ಲೂರು ಜಾತ್ರೆಗೆ, ಶಿವರಾತ್ರಿಗೆ ಕಪ್ಪಡಿಗೆ. ಜೂನ್, ಜುಲೈನಲ್ಲಿ ವಿಷಯ ಗೊತ್ತುಮಾಡಿ, ಹಿರಿಯರ ಪಟ್ಟಿ ಮಾಡಿ, ತರಗತಿಯಲ್ಲೇ ಒಬ್ಬರನ್ನೊಬ್ಬರು ಕೇಳುವ ಅಭ್ಯಾಸ ಮಾಡಿಸಿ. ದಸರಾ ರಜೆಯಲ್ಲಿ ಪ್ರತಿ ಮಗುವೂ ಮೊದಲು ಸ್ವಂತ ಮನೆಯ ಹಿರಿಯರೊಬ್ಬರ ಕಥೆ ಬರೆದು ತರಲಿ. ರಜೆ ಮುಗಿದ ಮೊದಲ ಶನಿವಾರ ಜೋಡಿಗಳನ್ನು ಹೊರಡಿಸಿ.